ವಿಜ್ಞಾನ ಕಥೆ ಹುಟ್ಟಿದ್ದು 1926ರಲ್ಲೇ?

ಪರ: ತೊಟ್ಟಿಲಿಗೆ ಹಾಕಿದ ವರ್ಷ

ಹೌದು, 1926ರಲ್ಲೇ. ಆ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ 'ಅಮೇಜಿಂಗ್ ಸ್ಟೋರೀಸ್' ಎಂಬ ಮಾಸಪತ್ರಿಕೆ ಹೊರಬಂತು. ಬೆಲೆ 25 ಸೆಂಟ್. ಮುಖಪುಟಕ್ಕೆ ಚಿತ್ರ ಬರೆದವರು ಫ್ರಾಂಕ್ ಆರ್. ಪಾಲ್. ಆಕಾಶದ ತುಂಬ ಬಳೆ ತೊಟ್ಟ ಶನಿಗ್ರಹ, ಕೆಳಗೆ ಹಿಮದ ಮೇಲೆ ಜಾರುತ್ತಾ ಆಡುವ ಜನ, ಹಿಮದ ದಿಬ್ಬಗಳ ಮೇಲೆ ಸಿಕ್ಕಿಕೊಂಡ ಹಡಗುಗಳು. ಪತ್ರಿಕೆಯ ಒಡೆಯ ಹ್ಯೂಗೋ ಗರ್ನ್ಸ್‌ಬ್ಯಾಕ್, 1904ರಲ್ಲಿ ಲಕ್ಸೆಂಬರ್ಗಿನಿಂದ ಅಮೆರಿಕಕ್ಕೆ ಬಂದವರು. ಇಡೀ ಪತ್ರಿಕೆಯನ್ನು ವಿಜ್ಞಾನ ಕಥೆಗಳಿಗೇ ಮೀಸಲಿಟ್ಟು, ಅವಕ್ಕೆ 'ಸೈಂಟಿಫಿಕ್ಷನ್' ಎಂದು ಹೆಸರಿಟ್ಟು ಕರೆದರು. ಮೂರು ವರ್ಷದಲ್ಲಿ ಆ ಹೆಸರು 'ಸೈನ್ಸ್ ಫಿಕ್ಷನ್' ಆಯಿತು.

ಮೊದಲ ಸಂಚಿಕೆಯಲ್ಲಿದ್ದದ್ದೆಲ್ಲ ಹಳೆಯ ಕಥೆಗಳು, ಜೂಲ್ಸ್ ವರ್ನ್, ಎಚ್.ಜಿ. ವೆಲ್ಸ್, ಎಡ್ಗರ್ ಅಲನ್ ಪೋ ಮುಂತಾದ ಲೇಖಕರು ಎಂದೋ ಬರೆದವು ಎಂದು ಆಕ್ಷೇಪಿಸುತ್ತಾರೆ. ಇರಲಿ. ದಿಕ್ಕಿಗೊಬ್ಬರಂತೆ ಚದುರಿದ್ದವರನ್ನು ಒಂದೇ ಸೂರಿನಡಿ ಕೂರಿಸಿದ್ದು ಯಾರು?

ನನ್ನನ್ನು ಈ ಪಕ್ಷಕ್ಕೆ ಎಳೆದದ್ದು ಬೇರೆಯೇ ಸಂಗತಿ. ಮುಂದಿನ ವರ್ಷ ಪತ್ರಿಕೆಯಲ್ಲಿ ಓದುಗರ ಅಂಕಣ ಶುರುವಾಯಿತು. ಬರೆದವರ ವಿಳಾಸವೂ ಅಚ್ಚಾಗುತ್ತಿತ್ತು. ಊರಿಗೊಬ್ಬನಂತೆ ಒಂಟಿಯಾಗಿ ಓದುತ್ತಿದ್ದ ಹುಡುಗರು ಪರಸ್ಪರ ಕಾಗದ ಬರೆದರು, ಸಂಘ ಕಟ್ಟಿದರು. 1939ರಲ್ಲಿ ನ್ಯೂಯಾರ್ಕಿನಲ್ಲಿ ವಿಜ್ಞಾನ ಕಥೆಯ ಮೊದಲ ವಿಶ್ವ ಸಮ್ಮೇಳನ ನಡೆದಾಗ ಮುಖ್ಯ ಅತಿಥಿ ಅದೇ ಫ್ರಾಂಕ್ ಪಾಲ್.

ಇದರ ಬೆಲೆ ನನಗೆ ಗೊತ್ತು. ಒಂಬತ್ತನೇ ಕ್ಲಾಸಿನಲ್ಲಿ ಕನ್ನಡ ಮಾಸಪತ್ರಿಕೆಯೊಂದರ ಪತ್ರಮಿತ್ರರ ಅಂಕಣಕ್ಕೆ ಹೆಸರು ಕಳಿಸಿದ್ದೆ. ನಮ್ಮ ತಾಲ್ಲೂಕಿನಲ್ಲಿ ಇಂಥ ಕಥೆ ಓದುವವನು ನಾನೊಬ್ಬನೇ ಎಂದುಕೊಂಡಿದ್ದ ಕಾಲ. ಹುಬ್ಬಳ್ಳಿಯ ಹುಡುಗನೊಬ್ಬನಿಂದ ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ಹಿಂದಿನ ಕಾಲಕ್ಕೆ ಹೋಗಿ ನಮ್ಮಜ್ಜನ ಮದುವೆ ತಪ್ಪಿಸಿದರೆ ನಾನು ಇರುತ್ತೇನೋ ಇಲ್ಲವೋ ಎಂಬುದೇ ಅದರ ತುಂಬ. ಜಾಗ ಸಾಲದೆ ಅಂಟು ಹಚ್ಚುವ ಅಂಚಿನ ಮೇಲೂ ಬರೆದಿದ್ದ. ಬಿಡಿಸುವಾಗ ಆ ಅಂಚಿನ ಜೊತೆ ಎರಡು ಸಾಲು ಹರಿದುಹೋದವು. ಅವನ ಉತ್ತರ ಇದ್ದದ್ದು ಅಲ್ಲೇ. ಏನು ಬರೆದಿದ್ದೆ ಎಂದು ಕೇಳಿ ಮರುಟಪಾಲಿಗೇ ಕಾಗದ ಹಾಕಿದೆ. ಹನ್ನೊಂದು ವರ್ಷ ಬರೆದುಕೊಂಡೆವು. ಆ ಅಂಕಣ ಇಲ್ಲದಿದ್ದರೆ ನಾನು ಕಥೆ ಓದುವುದನ್ನೇ ಬಿಟ್ಟಿರುತ್ತಿದ್ದೆ.

ವಿರೋಧ: ಅದಕ್ಕೂ ಮೊದಲು ಬರೆದವರು

ಈ ಪಕ್ಷ ವಹಿಸಲು ನನ್ನನ್ನು ಕೇಳಿದರು. ಗರ್ನ್ಸ್‌ಬ್ಯಾಕ್ ಪತ್ರಿಕೆಯಿಂದ ಓದುಗರು ಹೆಚ್ಚಿದ್ದನ್ನು ನಾನೂ ಒಪ್ಪುತ್ತೇನೆ. ಆದರೆ ಹುಟ್ಟು ಎಂದರೆ ಒಪ್ಪಲಾರೆ. ವಿಳಾಸ ಅಚ್ಚು ಹಾಕಿದ್ದೇ ಸಾಹಿತ್ಯದ ಹುಟ್ಟಾದರೆ ಬರೆದವರ ಪಾಲೇನು?

ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' ಲಂಡನ್ನಿನಲ್ಲಿ ಪ್ರಕಟವಾದದ್ದು 1818ರ ಜನವರಿ 1ರಂದು. ಅಚ್ಚಾದ ಪ್ರತಿ 500, ಲೇಖಕಿಯ ಹೆಸರೂ ಇರಲಿಲ್ಲ. ಆಕೆಗಾಗ ಇಪ್ಪತ್ತು ವರ್ಷ. ಮಾಟಮಂತ್ರದಿಂದಲ್ಲ, ಪ್ರಯೋಗದಿಂದ ಜೀವ ಬರಿಸುವ ವಿದ್ಯಾರ್ಥಿಯ ಕಥೆ ಅದು. 'ರೋಬೋ' ಎಂಬ ಮಾತು ಪ್ರಾಗ್‌ನ ರಂಗಮಂಚಕ್ಕೆ ಬಂದದ್ದು 1921ರಲ್ಲಿ, ಚೆಕ್ ಲೇಖಕ ಕರೆಲ್ ಚಾಪೆಕ್ ನಾಟಕದಲ್ಲಿ. ಇವರಿಗೆಲ್ಲ ಅಮೆರಿಕದ ಪತ್ರಿಕೆಯ ಹಂಗಿರಲಿಲ್ಲ.

ನಮ್ಮ ದೇಶವನ್ನೇ ನೋಡಿ. ವಿಜ್ಞಾನಿ ಜಗದೀಶಚಂದ್ರ ಬೋಸ್ 1896ರಲ್ಲೇ ಬಂಗಾಳಿಯಲ್ಲಿ ಕಥೆ ಬರೆದರು. ತಲೆಗೆ ಹಚ್ಚುವ ಎಣ್ಣೆಯನ್ನು ಸಮುದ್ರಕ್ಕೆ ಸುರಿದು ಚಂಡಮಾರುತ ಅಡಗಿಸುವ ಕಥೆ. ಬಂಗಾಳದ ಲೇಖಕಿ ರುಕಿಯಾ ಸಖಾವತ್ ಹುಸೇನ್ ಅವರ 'ಸುಲ್ತಾನಾಸ್ ಡ್ರೀಮ್' 1905ರಲ್ಲಿ ಮದರಾಸಿನ ಮಹಿಳಾ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಗಂಡಸರು ಮನೆಯೊಳಗೆ, ರಾಜ್ಯಭಾರ ಹೆಂಗಸರದ್ದು. ಅವರು ಸೂರ್ಯನ ಶಾಖದಲ್ಲಿ ಅಡುಗೆ ಮಾಡುತ್ತಾರೆ, ಅದೇ ಶಾಖವನ್ನು ಶತ್ರುಸೈನ್ಯದ ಮೇಲೆ ತಿರುಗಿಸಿ ಯುದ್ಧ ಗೆಲ್ಲುತ್ತಾರೆ. 1926 ಬರಲು ಆಗಿನ್ನೂ 21 ವರ್ಷ ಇತ್ತು.