ಎರಡು ಕ್ಯಾಮೆರಾ, ಒಂದು ರೇಷ್ಮೆ ಶೆಡ್ಡು

ಹೋದ ಭಾನುವಾರ ಶಿಡ್ಲಘಟ್ಟದಲ್ಲಿ, ಮಾವನ ನೂಲು ಬಿಚ್ಚುವ ಶೆಡ್ಡಿನಲ್ಲಿ ಎರಡು ಕ್ಯಾಮೆರಾ ಪಕ್ಕಪಕ್ಕ ಇಟ್ಟು ವಿಡಿಯೋ ತೆಗೆದೆ. ಒಂದು ನನ್ನ ಕ್ಯಾನನ್ 1500ಡಿ, ಹೊಸಬರು ಮೊದಲು ಕೊಳ್ಳುವಂಥದ್ದು. ಇನ್ನೊಂದು ಗೆಳೆಯನ ಕ್ಯಾನನ್ 5ಡಿ ಮಾರ್ಕ್ 4. ಅದು 2016ರಲ್ಲಿ ಬಂದಾಗ ಲೆನ್ಸ್ ಇಲ್ಲದ ಬರೀ ಕ್ಯಾಮೆರಾದ ಬೆಲೆಯೇ ಎರಡು ಲಕ್ಷದ ಮೇಲಿತ್ತು.

ಚಿಂತಾಮಣಿಯ ಒಬ್ಬ ಹುಡುಗ ಸಾಲ ಮಾಡಿ ದೊಡ್ಡ ಕ್ಯಾಮೆರಾ ತರಲು ಹೊರಟಿದ್ದಾನೆ. ಮದುವೆ ವಿಡಿಯೋ ಮಾಡಿ ತೀರಿಸುತ್ತೇನೆ ಅನ್ನುತ್ತಾನೆ. ಬಾಯಿಮಾತಿನಲ್ಲಿ ಬೇಡ ಅನ್ನುವುದಕ್ಕಿಂತ ತೋರಿಸಿಬಿಡೋಣ ಅನ್ನಿಸಿತು.

ಶೆಡ್ಡಿನ ಹೊರಗೆ, ಬೆಳಗಿನ ಬಿಸಿಲಲ್ಲಿ, ಗೂಡು ಆರಿಸುತ್ತಿದ್ದ ಅತ್ತೆಯನ್ನು ಎರಡರಲ್ಲೂ 1080ಪಿ ಯಲ್ಲಿ, ಅಂದರೆ ಮಾಮೂಲಿ ಫುಲ್ ಎಚ್‌ಡಿಯಲ್ಲಿ, ತೆಗೆದೆ. ಮೊಬೈಲಿನಲ್ಲಿ ನೋಡಿದ ಯಾರಿಗೂ ಯಾವುದು ಯಾವುದು ಅಂತ ಗೊತ್ತಾಗಲಿಲ್ಲ.

ಒಳಗೆ ಬೇರೆಯೇ ಕಥೆ. ಒಂದೇ ಟ್ಯೂಬ್‌ಲೈಟು, ಕುದಿಯುವ ನೀರಿನ ಹಬೆ, ಹೊಗೆ ಹಿಡಿದ ಗೋಡೆ. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಹಾಕಿದ 1500ಡಿ ಯಲ್ಲಿ ಐಎಸ್‌ಒ, ಅಂದರೆ ಕಡಿಮೆ ಬೆಳಕನ್ನು ಹಿಗ್ಗಿಸಿ ತೋರಿಸುವ ಸೆಟ್ಟಿಂಗ್, 6400ಕ್ಕೆ ಏರಿಸಬೇಕಾಯಿತು. ಕತ್ತಲಿರುವ ಕಡೆಯೆಲ್ಲ ರಾಗಿ ಚೆಲ್ಲಿದ ಹಾಗೆ ಕಾಳು ಕಾಳು. ಅದೇ ಕ್ಯಾಮೆರಾಗೆ 50 ಎಂಎಂ ಎಫ್ 1.8 ಲೆನ್ಸ್ ಹಾಕಿದೆ. ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು. ಕಿಟ್ ಲೆನ್ಸಿನ ಎಫ್ 5.6ರಿಂದ 1.8ಕ್ಕೆ ಬಂದರೆ ಒಂಬತ್ತು ಪಟ್ಟಿಗಿಂತ ಜಾಸ್ತಿ ಬೆಳಕು ಒಳಗೆ ಬರುತ್ತದೆ. ಐಎಸ್‌ಒ 800ಕ್ಕೆ ಇಳಿಯಿತು, ಮಾವನ ಕೈಬೆರಳಿನ ಗೆರೆ ಕೂಡ ಕಂಡಿತು. ಅದೇ ಲೆನ್ಸ್ ಹಾಕಿದರೆ 5ಡಿ ಇನ್ನೂ ಚೆನ್ನಾಗಿತ್ತು, ನಿಜ. ಅದರ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ಎರಡೂವರೆ ಪಟ್ಟಿಗಿಂತ ದೊಡ್ಡದು. ಆದರೆ ಲೆನ್ಸ್ ಬದಲಿಸಿದಾಗ ಆದ ವ್ಯತ್ಯಾಸದ ಮುಂದೆ ಕ್ಯಾಮೆರಾ ಬದಲಿಸಿದಾಗ ಆದದ್ದು ಚಿಕ್ಕದೇ.

ಚೋಕ್ ಇರುವ ಹಳೇ ಟ್ಯೂಬಿನ ಮಿಣುಕಾಟಕ್ಕೆ ದುಡ್ಡು ಮದ್ದಲ್ಲ. ನಮ್ಮ ಕರೆಂಟು 50 ಹರ್ಟ್ಜ್, ಅಂಥ ಟ್ಯೂಬು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಸೆಟ್ಟಿಂಗ್ ಸೆಕೆಂಡಿಗೆ 30 ಫ್ರೇಮಿನಲ್ಲಿ, ಶಟರ್ (ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಹೊತ್ತು) 1/60 ಸೆಕೆಂಡಿನಲ್ಲಿ ಬಿಟ್ಟರೆ ಎರಡು ಕ್ಯಾಮೆರಾದಲ್ಲೂ ಪಟ್ಟೆ ಪಟ್ಟೆ. ಮೆನುವಿನಲ್ಲಿ ವಿಡಿಯೋ ಪದ್ಧತಿಯನ್ನು ಪಾಲ್‌ಗೆ (PAL) ಬದಲಿಸಿ 25 ಫ್ರೇಮ್, ಶಟರ್ 1/50 ಮಾಡಿ. ಎರಡರಲ್ಲೂ ಹೋಗುತ್ತದೆ.

ಹಾಗಾದರೆ ದೊಡ್ಡ ಕ್ಯಾಮೆರಾ ಸುಮ್ನೆ ದಂಡವಾ? ಇಲ್ಲ. ನನ್ನ ತಂಗಿ ಸಣ್ಣ ಚೌಕಳಿ ರೇಷ್ಮೆ ಸೀರೆ ಉಟ್ಟು ನಿಂತಳು. 1500ಡಿ ಯಲ್ಲಿ ಸೀರೆ ಮೇಲೆ ಕಾಮನಬಿಲ್ಲಿನ ಅಲೆಗಳು ಹರಿದಾಡಿದವು. ಅದು ವಿಡಿಯೋಗೆ ಸೆನ್ಸರಿನ ಎಲ್ಲ ಸಾಲುಗಳನ್ನೂ ಓದದೆ ನಡುನಡುವೆ ಬಿಟ್ಟುಬಿಡುತ್ತದೆ. 5ಡಿ ಯಲ್ಲಿ ಸೀರೆ ಸೀರೆಯಾಗಿಯೇ ಇತ್ತು. ರೇಷ್ಮೆ ಊರಿನಲ್ಲಿ ಮದುವೆ ವಿಡಿಯೋ ಮಾಡುವವನಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಇನ್ನೊಂದು, ಫೋಕಸ್. ಗೌರಿಬಿದನೂರಿನ ಒಂದು ಮದುವೆಯಲ್ಲಿ ತಾಳಿ ಕಟ್ಟುವಾಗ ನಾನು 1500ಡಿ ಯ ಬಟನ್ ಅರ್ಧ ಒತ್ತಿದೆ. ಲೆನ್ಸ್ ಹಿಂದೆ ಮುಂದೆ ಓಡಿತು. ನಾಲ್ಕು ಸೆಕೆಂಡು ಪೂರ್ತಿ ಮಸುಕು. ಹುಡುಗಿಯ ತಾಯಿ ಏನೂ ಅನ್ನಲಿಲ್ಲ. ನನಗೆ ಇವತ್ತಿಗೂ ಆ ನೋವು ಹೋಗಿಲ್ಲ. 5ಡಿ ಯ ಡ್ಯುಯಲ್ ಪಿಕ್ಸೆಲ್ ಫೋಕಸ್ ಮುಖವನ್ನು ಬಿಡದೆ ಹಿಂಬಾಲಿಸುತ್ತದೆ. 1500ಡಿ ಗೆ ಹೊರಗಿನ ಮೈಕ್ ಚುಚ್ಚುವ ಜಾಗವೂ ಇಲ್ಲ, ಓಲಗದ ಸದ್ದನ್ನು ಬೇರೆ ರೆಕಾರ್ಡರಿನಲ್ಲೇ ಹಿಡಿಯಬೇಕು.

ಆದರೆ 1080ಪಿ ಗಿಂತ ಹೆಚ್ಚು ವಿವರ ಹಿಡಿಯುವ 5ಡಿ ಯ 4ಕೆ ವಿಡಿಯೋ ನಂಬಿ ಸಾಲ ಮಾಡಬೇಡಿ. ಅದು ಸೆನ್ಸರಿನ ನಡುಭಾಗ ಮಾತ್ರ ಬಳಸುತ್ತದೆ, ಹಾಗಾಗಿ ಚೌಕಟ್ಟಿನಲ್ಲಿ ಕಾಣುವುದು ಕಡಿಮೆ, ಇಕ್ಕಟ್ಟಿನ ಮಂಟಪದಲ್ಲಿ ಹಿಂದೆ ಸರಿಯಲು ಜಾಗವೇ ಸಿಗುವುದಿಲ್ಲ. ಸೆಕೆಂಡಿಗೆ 500 ಮೆಗಾಬಿಟ್ ಬರೆಯುತ್ತದೆ. 64 ಜಿಬಿ ಕಾರ್ಡು ಹದಿನೇಳು ನಿಮಿಷಕ್ಕೆ ತುಂಬಿತು.

ಹುಡುಗನಿಗೆ ಎಲ್ಲ ಕ್ಲಿಪ್ಪುಗಳನ್ನೂ ಟಿವಿಯಲ್ಲಿ ಹಾಕಿ ತೋರಿಸಿದೆ. ಸೀರೆಯದನ್ನು ಮೂರು ಸಲ ನೋಡಿದ. ಕೊನೆಗೆ ಕ್ಯಾನನ್‌ನದೇ 200ಡಿ ಮಾರ್ಕ್ 2 ಸಾಕು ಅಂದ. ಅದರಲ್ಲಿ 1080ಪಿ ಗೆ ಡ್ಯುಯಲ್ ಪಿಕ್ಸೆಲ್ ಫೋಕಸ್ಸೂ ಇದೆ, ಮೈಕಿಗೆ ಜಾಗವೂ ಇದೆ. ಉಳಿದ ದುಡ್ಡಿಗೆ 50 ಎಂಎಂ ಲೆನ್ಸು, ಒಂದು ಎಲ್‌ಇಡಿ ಲೈಟು. ಚಿಕ್ಕಬಳ್ಳಾಪುರ, ಚಿಂತಾಮಣಿ ಕಡೆ ಯಾರಾದರೂ ಚೆನ್ನಾಗಿ ಇಟ್ಟುಕೊಂಡ 200ಡಿ ಮಾರ್ಕ್ 2 ಮಾರುವವರಿದ್ದರೆ ಹೇಳಿ. ಮಾಘ ಮಾಸದ ಮದುವೆಗಳ ಒಳಗೆ ಅವನ ಕೈಗೆ ಸಿಗಬೇಕು.