ಬೆಂಗಳೂರಿಗೆ ಯಾವ ಶ್ರುತಿಯ ಟ್ಯೂಬಾ?

ಬೆಂಗಳೂರಿನಲ್ಲಿ ಯಾರಾದರೂ ಸ್ವಂತ ದುಡ್ಡು ಹಾಕಿ ಟ್ಯೂಬಾ ಕೊಳ್ಳುವುದಾದರೆ ಅದು ಇ ಫ್ಲಾಟ್ ಟ್ಯೂಬಾ ಆಗಿರಲಿ. ಟ್ಯೂಬಾ ಅಂದರೆ ಊದುವ ಹಿತ್ತಾಳೆ (ಬ್ರಾಸ್) ವಾದ್ಯಗಳಲ್ಲೇ ದೊಡ್ಡದು, ದನಿ ಎಲ್ಲಕ್ಕಿಂತ ಕೆಳಗಿನದು. ಇ ಫ್ಲಾಟ್ ಅನ್ನುವುದು ಶ್ರುತಿ. ನಾಲ್ಕು ವಾಲ್ವ್ (ಬೆರಳಿನಿಂದ ಒತ್ತಿದಾಗ ಕೊಳವೆಯ ಉದ್ದ ಹೆಚ್ಚಿಸುವ ಗುಂಡಿ) ಇರುವ, ಕಾಂಪನ್ಸೇಟಿಂಗ್ ಮಾದರಿಯ ಇ ಫ್ಲಾಟ್. ಆ ಮಾದರಿ ಏನೆಂದು ಮುಂದೆ ಹೇಳುತ್ತೇನೆ. ನಾನಿರುವುದು ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ, ನುಡಿಸುವುದು ಇಲ್ಲಿನ ಒಂದು ಊರಿನ ಬ್ರಾಸ್ ಬ್ಯಾಂಡ್‌ನಲ್ಲಿ. ಅದಕ್ಕೇ ಇಲ್ಲಿನ ರೂಢಿಯನ್ನು ಅಲ್ಲಿಗೂ ಹೇಳ್ತಾ ಇದ್ದಾನೆ ಅಂತ ನಿಮಗೆ ಅನ್ನಿಸಬಹುದು. ಆದರೆ ನಾನು ಕೊಡುವ ಕಾರಣಗಳೆಲ್ಲ ಬೆಂಗಳೂರಿನವೇ.

ಅಕ್ಕನ ಮಗ ಬೆಂಗಳೂರಿನಲ್ಲಿ ಶಾಲೆಯ ಬ್ಯಾಂಡ್‌ನಲ್ಲಿ ಟ್ಯೂಬಾದ ಚಿಕ್ಕ ತಮ್ಮನಂಥ ಯುಫೋನಿಯಂ ಊದುತ್ತಾನೆ. ಈಗ ಟ್ಯೂಬಾಗೆ ಹೋಗುವ ಆಸೆ. "ಮಾಮ, ಕಲಿಯೋದಾದ್ರೆ ಸಿ ಟ್ಯೂಬಾನೇ ಕಲೀಬೇಕಂತೆ, ಬೇರೆ ಯಾವುದೂ ವೇಸ್ಟ್ ಅಂತೆ, ಹೌದಾ?" ಅಂತ ಫೋನ್‌ನಲ್ಲಿ ಕೇಳಿದ. ಅವನಿಗೆ ಸಿಕ್ಕಿದ್ದು ಅಮೆರಿಕದ ಸಲಹೆ. ಅಮೆರಿಕದಲ್ಲಿ ಅದು ಸರಿಯಾದ ಸಲಹೆಯೇ. ಆದರೆ ಒಂದು ಊರಲ್ಲಿ ಯಾವ ಟ್ಯೂಬಾ ನಡೆಯುತ್ತೆ ಅನ್ನುವುದು ಆ ಊರಲ್ಲಿ ವಾದ್ಯ ಯಾರದ್ದು, ಜೊತೆಗೆ ನುಡಿಸುವವರು ಯಾರು ಅನ್ನುವುದರ ಮೇಲೆ ನಿಂತಿದೆ. ಅದನ್ನು ಬಿಟ್ಟು ಸಲಹೆಯನ್ನಷ್ಟೇ ತಂದುಕೊಂಡರೆ ಮಗುವಿಗೂ ಕಷ್ಟ, ಮನೆಯವರ ಜೇಬಿಗೂ ಕಷ್ಟ.

ಮೊದಲು ವಾದ್ಯದ ವಿಷಯ. 1835ರಲ್ಲಿ ಬರ್ಲಿನ್‌ನಲ್ಲಿ ವಿಲ್ಹೆಲ್ಮ್ ವೀಪ್ರೆಕ್ಟ್ ಮತ್ತು ಯೋಹಾನ್ ಗಾಟ್‌ಫ್ರೀಡ್ ಮೋರಿಟ್ಸ್ ಪೇಟೆಂಟ್ ಪಡೆದ ಮೊದಲ ಟ್ಯೂಬಾ ಎಫ್ ಶ್ರುತಿಯದ್ದು. ಅದಕ್ಕೆ ಐದು ವಾಲ್ವ್ ಇದ್ದವು. ಇವತ್ತು ಮುಖ್ಯವಾಗಿ ನಾಲ್ಕು ಶ್ರುತಿಗಳು ಬಳಕೆಯಲ್ಲಿವೆ. ಎಫ್ ಟ್ಯೂಬಾದ ಕೊಳವೆ ಬಿಚ್ಚಿ ನೇರ ಮಾಡಿದರೆ ಸುಮಾರು 12 ಅಡಿ. ಇ ಫ್ಲಾಟ್ 13 ಅಡಿ, ಸಿ 16 ಅಡಿ, ಬಿ ಫ್ಲಾಟ್ 18 ಅಡಿ. ಎಫ್ ಮತ್ತು ಇ ಫ್ಲಾಟ್ ಬೇಸ್ ಟ್ಯೂಬಾಗಳು, ಸಿ ಮತ್ತು ಬಿ ಫ್ಲಾಟ್ ಕಾಂಟ್ರಾಬೇಸ್ ಟ್ಯೂಬಾಗಳು. ಕೊನೆಯ ಎರಡನ್ನು ವಾದಕರು ಡಬಲ್ ಸಿ, ಡಬಲ್ ಬಿ ಫ್ಲಾಟ್ ಅಂತಲೂ ಕರೆಯುತ್ತಾರೆ.

ಕೊಳವೆ ಉದ್ದವಾದಷ್ಟೂ ದನಿ ಕೆಳಗಿಳಿಯುತ್ತದೆ, ತೂಕ ಬರುತ್ತದೆ. ಅದರ ಜೊತೆ ಒಂದು ತೊಂದರೆಯೂ ಬರುತ್ತದೆ. ವಾಲ್ವ್ ಒತ್ತದೆ ತುಟಿಯಿಂದಲೇ ಹಲವು ಸಹಜ ಸ್ವರಗಳು ಹುಟ್ಟುತ್ತವೆ. ಮೇಲೆ ಹೋದಂತೆ ಅವು ಒಂದಕ್ಕೊಂದು ಹತ್ತಿರವಾಗುತ್ತಾ ಹೋಗುತ್ತವೆ. ಒಂದೇ ಎತ್ತರದ ಸ್ವರ ನುಡಿಸುವಾಗ, ಉದ್ದ ಕೊಳವೆಯಲ್ಲಿ ಅವು ಇನ್ನೂ ಒತ್ತೊತ್ತಾಗಿರುತ್ತವೆ. ತುಟಿ ಸ್ವಲ್ಪ ಜಾರಿದರೂ ಪಕ್ಕದ ಸ್ವರ ಕೇಳುತ್ತದೆ. ಅದಕ್ಕೇ ಮೇಲಿನ ಸ್ಥಾಯಿಯಲ್ಲಿ ಓಡಾಡುವ ಸೋಲೋ ಸಂಗೀತವನ್ನು ಹೆಚ್ಚಿನವರು ಎಫ್ ಅಥವಾ ಇ ಫ್ಲಾಟ್‌ನಲ್ಲಿ ನುಡಿಸುತ್ತಾರೆ. 1954ರಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ಫಿಲಿಪ್ ಕ್ಯಾಟೆಲಿನೆ ಮೊದಲು ನುಡಿಸಿದ, ಇಂಗ್ಲೆಂಡಿನ ಸಂಗೀತಕಾರ ವಾನ್ ವಿಲಿಯಮ್ಸ್ ಅವರ ಟ್ಯೂಬಾ ಕನ್ಸರ್ಟೊ ಅಂಥದ್ದು.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಬೇಕು. ಶ್ರುತಿ ಬೇರೆ, ಗಾತ್ರ ಬೇರೆ. 3/4, 4/4, 5/4, 6/4 ಅಂತ ತಯಾರಕರು ಹೇಳುವುದು ವಾದ್ಯದ ಹೊಟ್ಟೆಯ ದಪ್ಪವನ್ನು. ದೊಡ್ಡ ಹೊಟ್ಟೆಯ ಇ ಫ್ಲಾಟ್ ಮುಂದೆ ಸಣ್ಣ ಸಿ ಟ್ಯೂಬಾ ಬಡವಾಗಿ ಕೇಳಬಹುದು. "ಇ ಫ್ಲಾಟ್ ಅಂದ್ರೆ ಮಕ್ಕಳ ಟ್ಯೂಬಾ" ಅನ್ನುವವರು ಈ ಎರಡನ್ನು ಕಲಸಿಬಿಟ್ಟಿದ್ದಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಜಾನ್ ಫ್ಲೆಚರ್ ಲಂಡನ್ ಸಿಂಫನಿಯಲ್ಲಿ ಇ ಫ್ಲಾಟ್ ಹಿಡಿದು ಕೂತು, ಬ್ರಿಟನ್ನಿನ ಆರ್ಕೆಸ್ಟ್ರಾಗಳಲ್ಲಿ ಅದೇ ರೂಢಿಯಾಗುವ ಹಾಗೆ ಮಾಡಿದವರು. ಮಕ್ಕಳ ವಾದ್ಯದಿಂದ ಅದು ಆಗುತ್ತಿರಲಿಲ್ಲ.

ಈಗ ಬೆರಳಿನ ವಿಷಯ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ನಮ್ಮ ಕೊಳಲು ವಾದಕರ ಚೀಲ ನೋಡಿ. ಒಂದೊಂದು ಶ್ರುತಿಗೆ ಒಂದೊಂದು ಕೊಳಲು. ಹಾಡುವವರ ಶ್ರುತಿ ಬದಲಾದರೆ ಕೊಳಲು ಬದಲಾಗುತ್ತದೆ, ಬೆರಳು ಬದಲಾಗುವುದಿಲ್ಲ. ಷಡ್ಜಕ್ಕೆ ಮುಚ್ಚುವ ರಂಧ್ರಗಳು ಎಲ್ಲ ಕೊಳಲಿನಲ್ಲೂ ಅವೇ. ಆರ್ಕೆಸ್ಟ್ರಾದ ಟ್ಯೂಬಾ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಸ್ವರ ಬರೆದ ಹಾಳೆಯ ಮೇಲಿನ ಸಿ ಅಂದರೆ ಕೇಳುವುದೂ ಯಾವಾಗಲೂ ಸಿ. ವಾದ್ಯ ಬದಲಾದರೆ ಬೆರಳು ಬದಲಾಗಬೇಕು. ಬೇಸ್ ಕ್ಲೆಫ್‌ನ (ಕೆಳಗಿನ ಸ್ವರಗಳಿಗೆ ಬಳಸುವ ಐದು ಗೆರೆಯ ಲಿಪಿ) ಎರಡನೇ ಸಂದಿನಲ್ಲಿರುವ ಸಿ ತೆಗೆದುಕೊಳ್ಳಿ. ಸಿ ಟ್ಯೂಬಾದಲ್ಲಿ ಯಾವ ವಾಲ್ವೂ ಒತ್ತಬೇಕಿಲ್ಲ. ಬಿ ಫ್ಲಾಟ್‌ನಲ್ಲಿ ಮೊದಲನೆಯದು. ಇ ಫ್ಲಾಟ್‌ನಲ್ಲಿ ಮೊದಲನೆಯದು, ಎರಡನೆಯದು ಎರಡೂ. ಎಫ್‌ನಲ್ಲಿ ಮತ್ತೆ ಯಾವುದೂ ಇಲ್ಲ. ನಾಲ್ಕು ಟ್ಯೂಬಾ ನುಡಿಸಬೇಕೆಂದರೆ ನಾಲ್ಕು ಲೆಕ್ಕ ತಲೆಯಲ್ಲಿರಬೇಕು.

ಯಾರ್ಕ್‌ಶೈರ್‌ನ ಬ್ರಾಸ್ ಬ್ಯಾಂಡ್‌ಗಳು ಕೊಳಲಿನ ದಾರಿ ಹಿಡಿದಿವೆ. ಇಲ್ಲಿ ಟ್ಯೂಬಾ ಅನ್ನುವುದೇ ಅಪರೂಪ, ಬೇಸ್ ಅನ್ನುತ್ತಾರೆ. ಒಂದು ಬ್ಯಾಂಡ್‌ನಲ್ಲಿ ಎರಡು ಇ ಫ್ಲಾಟ್ ಬೇಸ್, ಎರಡು ಬಿ ಫ್ಲಾಟ್ ಬೇಸ್. ಬೇಸ್ ಟ್ರಾಂಬೋನ್ ಒಂದನ್ನು ಬಿಟ್ಟು ಎಲ್ಲರಿಗೂ, ಸಾಮಾನ್ಯವಾಗಿ ಮೇಲಿನ ಸ್ವರಗಳಿಗೆ ಬಳಸುವ ಟ್ರೆಬಲ್ ಕ್ಲೆಫ್‌ನಲ್ಲೇ ಬರೆದಿರುತ್ತದೆ. ಹಾಳೆಯಲ್ಲಿ ಸಿ ಕಂಡರೆ ಟ್ರಂಪೆಟ್ ಥರದ ಸಣ್ಣ ಕಾರ್ನೆಟ್‌ನಲ್ಲೂ ವಾಲ್ವ್ ಒತ್ತುವುದಿಲ್ಲ, ಯುಫೋನಿಯಂನಲ್ಲೂ ಇಲ್ಲ, ಎರಡೂ ಬೇಸ್‌ಗಳಲ್ಲೂ ಇಲ್ಲ. ಹೊರಡುವ ಸ್ವರ ಮಾತ್ರ ಬೇರೆ ಬೇರೆ. ಇದನ್ನು ಮಾಡಿದ್ದು ಗಿರಣಿ, ಗಣಿಗಳಲ್ಲಿ ದುಡಿಯುವ ಜನಕ್ಕಾಗಿ. ಬ್ಲ್ಯಾಕ್ ಡೈಕ್ ಬ್ಯಾಂಡ್ 1855ರಿಂದ ಕ್ವೀನ್ಸ್‌ಬರಿಯ ಬಟ್ಟೆ ಗಿರಣಿಯ ಆಸರೆಯಲ್ಲೇ ಬೆಳೆಯಿತು. ಬೇಸ್ ಊದುವವರು ಒಬ್ಬರು ಬಿಟ್ಟುಹೋದರೆ ಕಾರ್ನೆಟ್‌ನವರು ಬಂದು ಅದೇ ಬೆರಳಿನಲ್ಲಿ ನುಡಿಸಬಹುದು. ತುಟಿ, ಉಸಿರು ಒಗ್ಗಿಕೊಳ್ಳಬೇಕು ಅಷ್ಟೆ.

ವಾದ್ಯ ಮಾತ್ರ ಯಾರ ಸ್ವಂತದ್ದೂ ಅಲ್ಲ, ಬ್ಯಾಂಡ್‌ನದ್ದು. ನಾನು ನುಡಿಸುವ ಇ ಫ್ಲಾಟ್ ಬೇಸ್ ಕೂಡ ಬ್ಯಾಂಡ್‌ನದ್ದೇ. ಸೇರಿದಾಗ ಯಾವ ಕುರ್ಚಿ ಖಾಲಿ ಇರುತ್ತೋ ಆ ವಾದ್ಯ ಕೈಗೆ ಬರುತ್ತದೆ. ಬಿಟ್ಟರೆ ವಾಪಸ್ ಕೊಡಬೇಕು. ಹಾಗಾಗಿ ಯಾವ ಶ್ರುತಿ ಕೊಳ್ಳಲಿ ಅನ್ನುವ ಪ್ರಶ್ನೆ ಇಲ್ಲಿನ ಹೆಚ್ಚಿನವರಿಗೆ ಬರುವುದೇ ಇಲ್ಲ.

ಅಮೆರಿಕದಲ್ಲೂ ಶಾಲೆಯ ಮಟ್ಟದಲ್ಲಿ ಹೆಚ್ಚುಕಮ್ಮಿ ಹೀಗೇ. ಮಕ್ಕಳು ಶಾಲೆಯ ಬಿ ಫ್ಲಾಟ್ ಟ್ಯೂಬಾದಲ್ಲಿ ಕಲಿಯುತ್ತಾರೆ, ಮೆರವಣಿಗೆಗೆ ಬಿ ಫ್ಲಾಟ್ ಸೌಸಾಫೋನ್ (ಮೈ ಸುತ್ತ ಹಾಕಿಕೊಳ್ಳುವ ಟ್ಯೂಬಾ) ಹೊರುತ್ತಾರೆ. ಸಂಗೀತವನ್ನೇ ಕೆಲಸ ಮಾಡಿಕೊಳ್ಳುತ್ತೇನೆ ಅಂತ ಕಾಲೇಜು ಸೇರಿದ ಮೇಲೆ ಸಿ ಟ್ಯೂಬಾ ಕೊಳ್ಳುತ್ತಾರೆ. ಆಮೇಲೆ ಒಂದು ಎಫ್. ಶಿಕಾಗೋ ಸಿಂಫನಿಯಲ್ಲಿ 1944ರಿಂದ 1988ರ ತನಕ ನುಡಿಸಿದ ಆರ್ನಾಲ್ಡ್ ಜೇಕಬ್ಸ್ ಅವರ ಯಾರ್ಕ್ ಕಂಪನಿಯ ಸಿ ಟ್ಯೂಬಾ ಎಷ್ಟು ಹೆಸರಾಯಿತೆಂದರೆ, ಅದರ ಮಾದರಿಯಲ್ಲಿ ಯಮಾಹಾ ಹೊಸ ಟ್ಯೂಬಾ ಮಾಡಿತು. ಜರ್ಮನಿಯವರು ಎಫ್ ಹಿಡಿದು ಕಲಿತು, ಭಾರದ ಸಂಗೀತಕ್ಕೆ, ತಿರುಗುವ ಬಗೆಯ ರೋಟರಿ ವಾಲ್ವ್‌ನ ಬಿ ಫ್ಲಾಟ್‌ಗೆ ಹೋಗುತ್ತಾರೆ. ಒಂದೊಂದು ದೇಶದ ಉತ್ತರದ ಹಿಂದೆ ಅಲ್ಲಿನ ಶಾಲೆ, ಅಲ್ಲಿನ ಆರ್ಕೆಸ್ಟ್ರಾ, ಅಲ್ಲಿನ ಕೆಲಸ ಇದೆ. ಸಿ ಟ್ಯೂಬಾ ಕೊಳ್ಳುವ ಅಮೆರಿಕದ ಹುಡುಗನಿಗೆ ಅದಕ್ಕೆ ಮೊದಲೇ ಎಷ್ಟೋ ವರ್ಷ ಶಾಲೆ ವಾದ್ಯ ಕೊಟ್ಟಿದೆ. ಸಲಹೆ ಓದುವಾಗ ಆ ಭಾಗ ಕಾಣುವುದಿಲ್ಲ, ಅಲ್ವಾ?

ಬೆಂಗಳೂರಿಗೆ ಬನ್ನಿ. ಅಲ್ಲಿ ಬ್ರಾಸ್ ವಾದ್ಯ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಕಬ್ಬನ್ ಪಾರ್ಕ್‌ನಲ್ಲಿ ಬ್ಯಾಂಡ್ ಸ್ಟ್ಯಾಂಡ್ ಇದೆ. ಹಲಸೂರಿನ ಕಡೆ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆ, ಅವರ ಬ್ಯಾಂಡ್ ಇದೆ. ಪೊಲೀಸ್ ಬ್ಯಾಂಡ್ ಇದೆ. ಚರ್ಚುಗಳಲ್ಲಿ, ಮಿಷನ್ ಶಾಲೆಗಳಲ್ಲಿ, ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್‌ಗಳಲ್ಲಿ ಊದುವವರಿದ್ದಾರೆ. ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಕೇಳಿದ ಸ್ಯಾಕ್ಸೊಫೋನ್‌ಗೆ ಮನಸೋತೇ ಕದ್ರಿ ಗೋಪಾಲನಾಥ್ ಅದನ್ನು ಕರ್ನಾಟಕ ಸಂಗೀತಕ್ಕೆ ತಂದದ್ದು. ಈ ಪರಂಪರೆಯೆಲ್ಲ ಬ್ರಿಟಿಷ್ ರೀತಿಯಲ್ಲಿ ಬೆಳೆದದ್ದು. ಪರೀಕ್ಷೆಗಳೂ ಅಷ್ಟೆ. ನಮ್ಮ ಮಕ್ಕಳು ಬರೆಯುವುದು ಬ್ರಿಟನ್ನಿನ ಸಂಗೀತ ಪರೀಕ್ಷಾ ಸಂಸ್ಥೆಗಳಾದ ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂ ಗ್ರೇಡ್‌ಗಳನ್ನು. ಅಲ್ಲಿ ಇ ಫ್ಲಾಟ್ ಬೇಸ್‌ಗೆ ಸರಿಯಾದ ಜಾಗ ಇದೆ, ಟ್ರೆಬಲ್ ಕ್ಲೆಫ್‌ನಲ್ಲೂ ನುಡಿಸಬಹುದು, ಬೇಸ್ ಕ್ಲೆಫ್‌ನಲ್ಲೂ ನುಡಿಸಬಹುದು.

ಒಂದೇ ಕೊರತೆ, ವಾದ್ಯ. ಸೇನೆ, ಪೊಲೀಸ್ ಬ್ಯಾಂಡ್‌ನ ಹೊರಗೆ ಟ್ಯೂಬಾ ನುಡಿಸಬೇಕೆಂದರೆ ಹೆಚ್ಚಾಗಿ ಮನೆಯವರೇ ಕೊಳ್ಳಬೇಕು. ಹೊಸದಾದರೆ ಹಲವು ಲಕ್ಷ ರೂಪಾಯಿ. ಎರಡನೆಯದು ಕೊಳ್ಳುವ ಮಾತೇ ಇಲ್ಲ. ಆ ಒಂದೇ ವಾದ್ಯ ಎಲ್ಲಕ್ಕೂ ಒದಗಬೇಕು. ಭಾನುವಾರ ಚರ್ಚ್‌ನಲ್ಲಿ ನಾಲ್ಕೈದು ಜನರ ಬ್ರಾಸ್ ಗುಂಪು, ಡಿಸೆಂಬರ್‌ನಲ್ಲಿ ಕ್ಯಾರಲ್, ಗ್ರೇಡ್ ಪರೀಕ್ಷೆಯ ಸೋಲೋ, ಯಾವಾಗಲಾದರೂ ಒಮ್ಮೆ ಆರ್ಕೆಸ್ಟ್ರಾ. ಎಫ್ ಟ್ಯೂಬಾ ಸೋಲೋಗೆ ಚೆನ್ನ, ಕೆಳಗಿನ ಸ್ವರಗಳಲ್ಲಿ ಕಲಿಯುವವರಿಗೆ ಕೈಗೆ ಸಿಗುವುದಿಲ್ಲ. ಬಿ ಫ್ಲಾಟ್ ಬುಡ ಹಾಕಲು ಚೆನ್ನ, ಸಣ್ಣ ಗುಂಪಿನಲ್ಲಿ ಭಾರ. ಸಿ ಟ್ಯೂಬಾಗೆ ಬೆಂಗಳೂರಿನಲ್ಲಿ ಬೆರಳು ತೋರಿಸಿಕೊಡುವವರೇ ಅಪರೂಪ. ಇ ಫ್ಲಾಟ್ ಈ ಎಲ್ಲ ಕಡೆ ಒಪ್ಪುವಂತೆ ನುಡಿಯುತ್ತದೆ.

ಕೆಳಗಿನ ಸ್ವರ ಸಾಲದು ಅನ್ನುವವರಿಗೆ ಉತ್ತರ ಕಾಂಪನ್ಸೇಟಿಂಗ್ ವ್ಯವಸ್ಥೆಯಲ್ಲಿದೆ. ಮೂರು ವಾಲ್ವ್ ಒಟ್ಟಿಗೆ ಒತ್ತಿದರೆ ಸೇರುವ ಕೊಳವೆಯ ಉದ್ದ ಬೇಕಾದದ್ದಕ್ಕಿಂತ ಕಮ್ಮಿ ಬೀಳುತ್ತದೆ, ಸ್ವರ ಮೇಲಕ್ಕೆ ಸರಿಯುತ್ತದೆ. ನಾಲ್ಕನೆಯದನ್ನೂ ಸೇರಿಸಿದರೆ ತಪ್ಪು ಇನ್ನೂ ಜಾಸ್ತಿ. ಬೂಸಿ ಕಂಪನಿಯ ಡೇವಿಡ್ ಬ್ಲೇಕ್ಲಿ 1874ರಲ್ಲಿ ಇದಕ್ಕೊಂದು ದಾರಿ ಮಾಡಿದರು. ಇಂದಿನ ನಾಲ್ಕು ವಾಲ್ವ್‌ನ ವಾದ್ಯಗಳಲ್ಲಿ ನಾಲ್ಕನೆಯದನ್ನು ಒತ್ತಿದಾಗ ಗಾಳಿ ಮತ್ತೊಂದು ಸುತ್ತು ಹೋಗಿ, ಉಳಿದ ವಾಲ್ವ್‌ಗಳ ಹಿಂದಿರುವ ಸಣ್ಣ ಕೊಳವೆಗಳನ್ನೂ ಹಾದು ಬರುತ್ತದೆ. ಬೇಕಾದ ಉದ್ದ ತಾನಾಗಿ ಸೇರುತ್ತದೆ. ಯುಫೋನಿಯಂನಲ್ಲಿ ಇದೇ ವ್ಯವಸ್ಥೆ ಕಂಡವರಿಗೆ ಹೊಸದಾಗಿ ಕಲಿಯುವುದು ಏನೂ ಇಲ್ಲ. ಈ ಮಾದರಿಗಳಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ ವಾಲ್ವ್ ಇರುವುದೂ ಒಳ್ಳೆಯದೇ. ಮನೆಯಲ್ಲೇ ಬಿಚ್ಚಿ, ತೊಳೆದು, ಎಣ್ಣೆ ಹಾಕಬಹುದು. ರೋಟರಿ ಕೆಟ್ಟರೆ ತಿಳಿದ ಕೈಯೇ ಬೇಕು.

ಸಾಗಿಸುವುದೂ ಲೆಕ್ಕಕ್ಕೆ ಬರಬೇಕು. ಲಿಫ್ಟ್ ಇಲ್ಲದ ಮೂರನೇ ಮಹಡಿಯಿಂದ ಇಳಿಸಿ, ಆಟೋ ಹಿಡಿದು, ರಿಹರ್ಸಲ್‌ಗೆ ಹೋಗುವ ಹದಿನಾಲ್ಕರ ಹುಡುಗನಿಗೆ ಹಗುರವಾದ ಪ್ರತಿ ಕಿಲೋನೂ ಉಪಕಾರವೇ. ಕೊಂಡೊಯ್ಯುವುದು ಕಷ್ಟ ಅನ್ನುವ ಒಂದೇ ಕಾರಣಕ್ಕೆ ಬಿಟ್ಟವರನ್ನು ನಾನು ಬಲ್ಲೆ.

"ಮುಂದೆ ಅಮೆರಿಕಕ್ಕೆ ಓದಲು ಹೋದರೆ?" ಅಂತ ಅಕ್ಕ ಕೇಳಿದಳು. ಹೋದಾಗ ಸಿ ಕಲಿಯಲಿ. ಅಲ್ಲಿನ ಮಕ್ಕಳೂ ಬಿ ಫ್ಲಾಟ್‌ನಿಂದ ಆ ವಯಸ್ಸಿನಲ್ಲೇ ಬದಲಾಯಿಸುವುದು. ಉಸಿರು, ಕಿವಿ, ತಾಳ ಗಟ್ಟಿಯಿದ್ದರೆ ಬೆರಳು ಬೇಗ ಕೂರುತ್ತದೆ. ಇ ಫ್ಲಾಟ್ ಕೈಯಲ್ಲಿದ್ದರೆ ಅಲ್ಲಿ ಬೇಸ್ ಟ್ಯೂಬಾ ಹೊಸದಾಗಿ ಕಲಿಯುವ ಕೆಲಸ ತಪ್ಪುತ್ತದೆ. ಆದರೆ ಒಂದು ಮಾತು. ಟ್ರೆಬಲ್ ಕ್ಲೆಫ್ ಒಂದೇ ಸಾಕು ಅಂತ ಕೂರಬಾರದು. ಮೊದಲ ವರ್ಷದಿಂದಲೇ ಬೇಸ್ ಕ್ಲೆಫ್ ಕೂಡ ಓದಬೇಕು. ಬ್ರಾಸ್ ಬ್ಯಾಂಡ್‌ನಲ್ಲೇ ಬೆಳೆದು ಆರ್ಕೆಸ್ಟ್ರಾದ ಹಾಳೆ ಓದಲು ತಿಣುಕುವವರು ಇಲ್ಲಿ ಬೇಕಾದಷ್ಟಿದ್ದಾರೆ. ಆ ವಿಷಯದಲ್ಲಿ ಯಾರ್ಕ್‌ಶೈರ್‌ನ ದಾರಿ ನನಗೆ ಒಪ್ಪಿಗೆಯಿಲ್ಲ.

ಬಿ ಫ್ಲಾಟ್ ಬೇಡ ಅಂತ ನಾನು ಹೇಳುತ್ತಿಲ್ಲ. ಅದನ್ನು ಕೊಳ್ಳಬೇಕಾದವರು ಬೇರೆ. ಶಾಲೆ ಕೊಳ್ಳಲಿ, ಚರ್ಚ್ ಕೊಳ್ಳಲಿ. ಮೆರವಣಿಗೆಗೆ ಸೌಸಾಫೋನ್ ಬೇಕಾದರೆ ಮೀರತ್‌ನ ಜಲಿ ಕೋಠಿಯಲ್ಲಿ ತಲೆಮಾರುಗಳಿಂದ ಬ್ಯಾಂಡ್ ವಾದ್ಯ ಮಾಡುವವರಿದ್ದಾರೆ. ಶಾಲೆಯ ವಾರ್ಷಿಕೋತ್ಸವದ ಪೆಂಡಾಲು, ದೀಪಗಳ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಒಂದು ಬಿ ಫ್ಲಾಟ್ ಕೊಂಡರೆ ಅದನ್ನು ಇಪ್ಪತ್ತು ವರ್ಷ ಒಬ್ಬರಾದ ಮೇಲೆ ಒಬ್ಬರು ಮಕ್ಕಳು ನುಡಿಸಬಹುದು. ಬೆಂಗಳೂರಿನ ಶಾಲೆಗಳ ಆಡಳಿತದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಯೋಚಿಸಿ.

ಕೊಳ್ಳುವವರಿಗೆ ಇಷ್ಟು. ಇಲ್ಲಿ ಇಂಗ್ಲೆಂಡಿನ ಬ್ಯಾಂಡ್‌ಗಳು ಹೊಸ ಸೆಟ್ ತಂದಾಗ ಹಳೆಯ ಇ ಫ್ಲಾಟ್‌ಗಳನ್ನು ಮಾರುತ್ತವೆ. ನೆಂಟರ ಮೂಲಕ ತರಿಸುವುದಾದರೆ ಮೊದಲು ಶ್ರುತಿ ತೋರಿಸುವ ಟ್ಯೂನರ್ ಇಟ್ಟು ಊದಿಸಿ ನೋಡಿ. ಬ್ರಿಟನ್ನಿನ ಬ್ರಾಸ್ ಬ್ಯಾಂಡ್‌ಗಳು 1960ರ ದಶಕದ ತನಕ ಹೈ ಪಿಚ್‌ನಲ್ಲಿದ್ದವು. ಅಲ್ಲಿ ಎ ಸ್ವರ ಅಂದರೆ ಇವತ್ತಿನ ಹಾಗೆ ಸೆಕೆಂಡಿಗೆ 440 ಕಂಪನ ಅಲ್ಲ, ಸುಮಾರು 452. ಆ ಕಾಲದ ವಾದ್ಯ ಅಗ್ಗವಾಗಿ ಸಿಗುತ್ತದೆ, ನೋಡಲು ಚೆಂದವೂ ಇರುತ್ತದೆ, ಆದರೆ ಇವತ್ತಿನ ಪಿಯಾನೋ ಜೊತೆ ಸೇರುವುದಿಲ್ಲ. ಕೊಳವೆ ಉದ್ದ ಮಾಡಿ ಸರಿಪಡಿಸಿದ್ದರೆ ಮಾತ್ರ ತೆಗೆದುಕೊಳ್ಳಿ. ವಾಲ್ವ್ ಮೂರಿದೆಯೋ ನಾಲ್ಕಿದೆಯೋ ಎಣಿಸಿ. ಎಡಗೈಗೆ ಪಕ್ಕದಲ್ಲಿ ನಾಲ್ಕನೆಯದು ಇದ್ದರೆ, ಹಿಂದೆ ಆ ಸಣ್ಣ ಕೊಳವೆಗಳ ಸುತ್ತು ಇದೆಯೇ ನೋಡಿ. ಪಿಸ್ಟನ್ ಎತ್ತಿ, ಪಕ್ಕದಲ್ಲಿ ತಾಮ್ರದ ಬಣ್ಣ ಕಾಣುವಷ್ಟು ಸವೆದಿದ್ದರೆ ಬೆಲೆ ಇಳಿಸಲು ಹೇಳಿ. ಗಟ್ಟಿ ಪೆಟ್ಟಿಗೆಯ ಸಮೇತ ಕೊಡುತ್ತಾರಾ ಅಂತ ಕೇಳಲು ಮರೆಯಬೇಡಿ.