ಬಾರ್ಡರ್‌ನಲ್ಲಿದೆ ಕಣಮ್ಮಾ

ಬೆಳಿಗ್ಗೆ ಉಪ್ಪಿಟ್ಟಿಗೆ ಒಗ್ಗರಣೆ ಇಟ್ಟಿದ್ದೆ. ಸಾಸಿವೆ ಸಿಡಿಯುವ ಹೊತ್ತಿಗೆ ಸರಿಯಾಗಿ ಫೋನು. "ಕಂಗ್ರಾಜುಲೇಷನ್ಸ್ ಮೇಡಂ, ನಿಮ್ಮ ಮಗನಿಗೆ ಕಂಪ್ಯೂಟರ್ ಸೈನ್ಸ್ ಸೀಟ್ ಕನ್ಫರ್ಮ್ ಆಗಿದೆ." ನಮಗಿರುವುದು ಮಗಳು. ಹಾಗಂತ ಹೇಳಿದರೆ ಆ ಹುಡುಗಿ ಸ್ವಲ್ಪವೂ ತಡವರಿಸಲಿಲ್ಲ. "ಮಗಳಿಗೂ ಇದೆ ಮೇಡಂ. ಸಂಜೆಯೊಳಗೆ ಬ್ಲಾಕ್ ಮಾಡಿದರೆ ಲ್ಯಾಪ್‌ಟಾಪ್ ಫ್ರೀ." ಅಷ್ಟರಲ್ಲಿ ಕರಿಬೇವು ಕಪ್ಪಾಗಿತ್ತು.

ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಇಂಜಿನಿಯರಿಂಗ್ ಸೀಟಿಗಾಗಿ ಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದ ಮಗು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಈ ಫೋನುಗಳು ಶುರು. ನಂಬರ್ ಎಲ್ಲಿ ಸಿಕ್ಕಿತು ಅಂದರೆ "ಡೇಟಾದಲ್ಲಿ ಬಂದಿದೆ ಮೇಡಂ" ಅಂತಾರೆ. ಸಿಇಟಿಯ 180 ಅಂಕದಿಂದ ಅರ್ಧ, ಪಿಯುಸಿಯ ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸಿನಿಂದ ಇನ್ನರ್ಧ ಸೇರಿಸಿ ಕೆಇಎ, ಅಂದರೆ ಸರ್ಕಾರದ ಪರೀಕ್ಷಾ ಪ್ರಾಧಿಕಾರ, ರ‍್ಯಾಂಕ್ ಕೊಡುವುದಕ್ಕೆ ಮೊದಲೇ ಇವರು ಸೀಟು ಕೊಟ್ಟು ಮುಗಿಸಿರುತ್ತಾರೆ.

ಮನೆಯೊಳಗಿನ ಸೂಚನೆಗಳೂ ಕಮ್ಮಿಯಿಲ್ಲ. ದೇವರ ಬಲಗಡೆಯಿಂದ ಹೂ ಬಿತ್ತು ಅಂತ ನಮ್ಮತ್ತೆ ಸಂಭ್ರಮಪಟ್ಟರು. ಫ್ಯಾನು ಓಡುತ್ತಿತ್ತು, ನಾನು ಬಾಯಿ ಬಿಡಲಿಲ್ಲ.

ಆದರೆ ಇದೆಲ್ಲವನ್ನೂ ಮೀರಿಸಿದವರು ನಮ್ಮ ಭಾವನವರು. ಬ್ಯಾಂಕಿನಿಂದ ರಿಟೈರ್ ಆದವರು, ಮನೆ ಹಿಂದಿನ ಬೀದಿಯಲ್ಲೇ ಇದ್ದಾರೆ. ರ‍್ಯಾಂಕ್ ಬಂದ ದಿನ ಸಂಜೆಯೇ ಹೋದ ವರ್ಷದ ಕಟಾಫ್ ಪಟ್ಟಿಯನ್ನು, ಅಂದರೆ ಯಾವ ಸೀಟು ಕೊನೆಗೆ ಎಷ್ಟನೇ ರ‍್ಯಾಂಕಿಗೆ ಸಿಕ್ಕಿತ್ತು ಅನ್ನುವ ಪಟ್ಟಿಯನ್ನು, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡ್ ಮಾಡಿಸಿಕೊಂಡು ಬಂದರು. ಕೈಯಲ್ಲಿ ಕೆಂಪು ಪೆನ್ನು, ಹಳೇ ಮರದ ಸ್ಕೇಲು. ಆ ಪಟ್ಟಿ ನೋಡಿದವರಿಗೆ ಗೊತ್ತು, ಒಂದೊಂದು ಕಾಲೇಜಿನ ಒಂದೊಂದು ಬ್ರಾಂಚಿಗೂ 24 ಕಾಲಂ. 1ಜಿ, 1ಕೆ, 1ಆರ್ ಅಂತ ಶುರುವಾಗಿ ಎಸ್‌ಟಿಆರ್‌ವರೆಗೆ ಹೋಗುತ್ತದೆ. ಮೊದಲು ಬರುವುದು ಮೀಸಲಾತಿಯ ವರ್ಗ; ಕೊನೆಯ ಜಿ ಅಂದರೆ ಸಾಮಾನ್ಯ, ಕೆ ಅಂದರೆ ಕನ್ನಡ ಮಾಧ್ಯಮ, ಆರ್ ಅಂದರೆ ಗ್ರಾಮೀಣ. ಅಕ್ಷರವೋ ಇರುವೆ ಸಾಲು.

ಭಾವನವರು ಸ್ಕೇಲ್ ಇಡುತ್ತಾರೆ. ಕನ್ನಡಕವನ್ನು ಹಣೆಗೆ ಏರಿಸುತ್ತಾರೆ. ಸಾಲಿನುದ್ದಕ್ಕೂ ಬೆರಳು ಓಡಿಸುತ್ತಾರೆ. ಆಮೇಲೆ ಒಂದು ನಿಟ್ಟುಸಿರು. "ಬಾರ್ಡರ್‌ನಲ್ಲಿದೆ ಕಣಮ್ಮಾ."

ಬೇರೆ ಕಾಲೇಜು. ಸ್ಕೇಲು, ಬೆರಳು, ನಿಟ್ಟುಸಿರು. "ಇದೂ ಬಾರ್ಡರ್."

ನಡುವೆ ಕಾಫಿ. ಸಕ್ಕರೆ ಇಲ್ಲದೆ, ಆದರೆ ಜೊತೆಗೆ ಕೋಡುಬಳೆ. ಬಾರ್ಡರ್‌ನಲ್ಲಿ ಇಲ್ಲದ ಕಾಲೇಜು ಕರ್ನಾಟಕದಲ್ಲಿ ಇದೆಯಾ ಅಂತ ನನಗೆ ಅನುಮಾನ ಬರುವಷ್ಟರಲ್ಲಿ ಅವರು ದಡಕ್ಕನೆ ಎದ್ದು ನಿಂತರು. "ಬಂತು! ಬೆಂಗಳೂರು, ಕಂಪ್ಯೂಟರ್ ಸೈನ್ಸು, ಆರಾಮಾಗಿ ಬಂತು!"

ನಮ್ಮೆಜಮಾನರು ಮೈಸೂರುಪಾಕು ತಂದರು. ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ಭಾವನವರು ಹುಬ್ಬಳ್ಳಿಯ ನಾದಿನಿಗೆ ಫೋನ್ ಮಾಡಿ ಹಾಸ್ಟೆಲಿನ ವಿಚಾರವನ್ನೂ ಮಾತಾಡಿಬಿಟ್ಟರು. ಮಗಳು ಮಾತ್ರ ಪುಸ್ತಕ ಎಳೆದುಕೊಂಡು ನೋಡಿ, "ದೊಡ್ಡಪ್ಪಾ, ಸ್ಕೇಲ್ ಒಂದು ಸಾಲು ಕೆಳಗೆ ಜಾರಿದೆ. ಇದು ಟೆಕ್ಸ್‌ಟೈಲ್. ಕಾಲಮ್ಮೂ ನಮ್ಮದಲ್ಲ" ಅಂದಳು. ಭಾವನವರು ಕನ್ನಡಕ ಕೆಳಗಿಳಿಸಿದರು. ಬಾಯಲ್ಲಿದ್ದ ಮೈಸೂರುಪಾಕು ನುಂಗಿದರು. "ಟೆಕ್ಸ್‌ಟೈಲಿಗೂ ಒಳ್ಳೇ ಸ್ಕೋಪ್ ಇದೆಯಮ್ಮಾ" ಅಂದರು. ಮತ್ತೆ ಸ್ಕೇಲ್ ಇಟ್ಟರು.

ನಿನ್ನೆ ಮಾಕ್ ಅಲಾಟ್‌ಮೆಂಟ್ ಬಂತು. ಇದೊಂದು ವಿಚಿತ್ರ ವ್ಯವಸ್ಥೆ. ಸೀಟು ತೋರಿಸುತ್ತಾರೆ, ಕೊಡುವುದಿಲ್ಲ. ಫೀಸ್ ಕಟ್ಟುವಂತಿಲ್ಲ, ಸೇರುವಂತಿಲ್ಲ. ಆಪ್ಷನ್‌ಗಳನ್ನು (ಬೇಕಾದ ಕಾಲೇಜು, ಬ್ರಾಂಚುಗಳನ್ನು ನಾವೇ ಬರೆದುಕೊಟ್ಟ ಪಟ್ಟಿ) ಮೇಲೆ ಕೆಳಗೆ ಮಾಡಿಕೊಳ್ಳಿ ಅಂತ ಒಂದು ಅಂದಾಜು, ಅಷ್ಟೇ. ಇದನ್ನು ಎದುರುಮನೆಯವರಿಗೆ ಅರ್ಥ ಮಾಡಿಸಿ ನೋಡೋಣ! "ಸೀಟ್ ಆಯ್ತಂತೆ, ಸ್ವೀಟ್ ಎಲ್ಲಿ?" ಅಂತ ಗೇಟಿನಲ್ಲೇ ನಿಲ್ಲಿಸಿದರು. ಇನ್ನೂ ಆಗಿಲ್ಲ ಅಂದರೆ, ಮುಚ್ಚಿಡುತ್ತಿದ್ದೀವಿ ಅನ್ನುವ ಹಾಗೆ ನೋಡುತ್ತಾರೆ.

ರಾತ್ರಿ ಮಗಳ ಆಪ್ಷನ್ ಪಟ್ಟಿಯನ್ನು ಸುಮ್ನೆ ಮೇಲಿಂದ ಓದಿದೆ. ಬೆಂಗಳೂರು, ಬೆಂಗಳೂರು, ಬೆಂಗಳೂರು, ಮೈಸೂರು, ಮತ್ತೆ ಬೆಂಗಳೂರು. ನಮ್ಮ ಹಾಸನದಲ್ಲೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಸ್ಕೂಟಿಯಲ್ಲಿ ಹೋಗಿ ಮಧ್ಯಾಹ್ನ ಮನೆಗೆ ಬಂದು ಊಟ ಮಾಡಬಹುದು. ಹುಡುಕಿದೆ. ಎಲ್ಲೋ ತಳದಲ್ಲಿ ಒಂದನ್ನು ಹಾಕಿದ್ದಳು. ಅದೂ ನನ್ನ ಸಮಾಧಾನಕ್ಕೇ ಇರಬೇಕು. ಒಂದೆರಡು ತಿಂಗಳಲ್ಲಿ ಉಪ್ಪಿಟ್ಟು ಬೇಡ ಅಂತ ಮುಖ ತಿರುಗಿಸುವವರೂ ಮನೆಯಲ್ಲಿ ಇರುವುದಿಲ್ಲ.

ಭಾವನವರದು ಬೇರೆಯೇ ಚಿಂತೆ. ನಿಜವಾಗಿ ಸೀಟು ಕೊಡುವ ಮೊದಲ ರೌಂಡ್ ಇನ್ನೂ ಬಂದಿಲ್ಲ, ಆಗಲೇ "ಚಾಯ್ಸ್ 2 ಒತ್ತಿ" ಅಂತ ಶುರುಮಾಡಿದ್ದಾರೆ. 1 ಒತ್ತಿದರೆ ಸಿಕ್ಕಿದ ಸೀಟೇ ಗಟ್ಟಿ. 2 ಅಂದರೆ ಇದು ಇರಲಿ, ಇನ್ನೂ ಒಳ್ಳೇದು ಸಿಕ್ಕರೆ ಕೊಡಿ ಅಂತ. ಬ್ಯಾಂಕಿನವರ ಬುದ್ಧಿಗೆ ಅದೇ ಹಿಡಿಸುವುದು. ಅಲ್ಲಿಯವರೆಗೆ ಆಪ್ಷನ್ ಆರ್ಡರ್ ಸರಿಮಾಡಿಕೊಡುತ್ತೇನೆ, ಭಾನುವಾರ ಸ್ಕೇಲ್ ತಗೊಂಡು ಬರ್ತೀನಿ, ಪಾಸ್‌ವರ್ಡ್ ರೆಡಿ ಇಟ್ಟಿರಿ ಅಂತ ಫೋನ್ ಮಾಡಿದ್ದರು.

ಮಗಳು ಪಾಸ್‌ವರ್ಡ್ ಬದಲಾಯಿಸಿದ್ದಾಳೆ. ಏನು ಅಂತ ನನಗೂ ಹೇಳಿಲ್ಲ.